ಗ್ರಂಥಋಣ: ಗವಾನನ ಮದರಸಾದಿಂದ ಮನೋವಿಜ್ಞಾನದ ಪ್ರಾಜೆಕ್ಟಿನವರೆಗೆ



ಪುಸ್ತಕದ ಕೊನೆಯಲ್ಲಿ ಲೇಖಕನು ತಾನು ಓದಿ ಬಳಸಿಕೊಂಡ ಗ್ರಂಥಗಳ ಪಟ್ಟಿಯನ್ನು ಕೊಡುವುದುಂಟಷ್ಟೆ. ಅದಕ್ಕೆ ಕನ್ನಡದಲ್ಲಿ ‘ಗ್ರಂಥಋಣ’ ಎಂಬ ಹೆಸರು ಬಳಕೆಯಲ್ಲಿದೆ. ಬಹು ಅರ್ಥವತ್ತಾದ ಮಾತಿದು. ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರು ಋಣಗಳನ್ನು ಹೇಳುವ ನಮ್ಮ ಪರಂಪರೆಯಲ್ಲಿ ಋಷಿಋಣವು ತೀರುವುದು ಅಧ್ಯಯನದಿಂದ. ಆದರೆ ಇದನ್ನು ಅರಿಯಲು ಶಾಸ್ತ್ರಗಳವರೆಗೆ ಹೋಗಬೇಕಾದ ಅಗತ್ಯವಿಲ್ಲ. ನಮ್ಮ ಕಮಲನಗರದ ಯಾವುದೇ ಕಿರಾಣಿ ಅಂಗಡಿಯ ಉದ್ರಿ ಖಾತೆಯನ್ನು ತೆರೆದು ನೋಡಿದರೆ ಸಾಕು. ಯಾರ ಹೆಸರು, ಯಾವ ತಾರೀಖು, ಯಾವ ಸಾಮಾನು, ಎಷ್ಟು ಎಂಬ ನಾಲ್ಕು ಸಂಗತಿಗಳು ಅಲ್ಲಿರುತ್ತವೆ. ನಾಲ್ಕರಲ್ಲಿ ಒಂದು ತಪ್ಪಿದರೂ ಜಗಳ ಖಂಡಿತ. ವಿದ್ಯೆಯ ಉದ್ರಿ ಖಾತೆಯೂ ಹೀಗೆಯೇ: ಯಾರು ಹೇಳಿದರು, ಯಾವ ವರ್ಷ, ಯಾವ ಪುಸ್ತಕದಲ್ಲಿ, ಎಷ್ಟನೆಯ ಪುಟದಲ್ಲಿ.

ಈ ವಿಷಯವನ್ನು ಈಗ ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಪದವಿಪೂರ್ವ ತರಗತಿಯಲ್ಲಿ ಮನೋವಿಜ್ಞಾನವನ್ನು ಆರಿಸಿಕೊಂಡಿದ್ದಾಳೆ. ‘ಬಾಲ್ಯದ ಪರಿಸರ ಮತ್ತು ಕಲಿಕೆ’ ಎಂಬುದು ಅವಳ ಪ್ರಾಜೆಕ್ಟಿನ ವಿಷಯ. ‘ಅಜ್ಜಾರ, ಪುಸ್ತಕ ಎಲ್ಲಿ ಹುಡುಕಬೇಕು? ಆಕರ ಹೆಂಗ ಬರೀಬೇಕು? ಬರೀಲೇಬೇಕಾ?’ ಎಂದು ದೂರವಾಣಿಯಲ್ಲಿ ಮೂರು ಪ್ರಶ್ನೆ ಕೇಳಿದಳು. ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಇತಿಹಾಸವೇ ಉತ್ತರ ಹೇಳಬೇಕು. ಆದ್ದರಿಂದ ಮೊದಲು ಎರಡು ವೃತ್ತಾಂತಗಳನ್ನು ನಿಮ್ಮ ಮುಂದಿಡುತ್ತೇನೆ. ಒಂದು ನಮ್ಮ ಬೀದರಿನದು, ಇನ್ನೊಂದು ಬಿ.ಎಡ್. ಓದಿದವರೆಲ್ಲರೂ ಕೇಳಿರುವಂಥದು.

ಬೀದರಿನ ಮಹಮೂದ್ ಗವಾನನ ಮದರಸಾವನ್ನು ನೋಡದವರು ನಿಮ್ಮಲ್ಲಿ ವಿರಳ. ಪರ್ಷಿಯಾದ ಗೀಲಾನ್ ಪ್ರಾಂತದಿಂದ 1453ರ ಸುಮಾರಿಗೆ ಬಂದ ಗವಾನನು ಬಹಮನಿ ರಾಜ್ಯದ ಪ್ರಧಾನಿಯಾಗಿ ಬೆಳೆದು, 1472ರಲ್ಲಿ ಈ ಮೂರಂತಸ್ತಿನ ವಿದ್ಯಾಮಂದಿರವನ್ನು ಪೂರ್ಣಗೊಳಿಸಿದನು. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋದ ಪ್ರತಿಯೊಬ್ಬ ಮಗುವೂ ‘ಇಲ್ಲಿ ಮೂರು ಸಾವಿರ ಗ್ರಂಥಗಳ ಪುಸ್ತಕಾಲಯವಿತ್ತು’ ಎಂದು ಬರೆದುಕೊಂಡು ಬರುತ್ತದೆ. ಈ ಸಂಖ್ಯೆ ಎಲ್ಲಿಂದ ಬಂದಿತು ಎಂದು ಯಾರೂ ಕೇಳುವುದಿಲ್ಲ.

ಅದು ಫೆರಿಷ್ತಾ ಎಂಬ ಇತಿಹಾಸಕಾರನ ಗ್ರಂಥದಿಂದ ಬಂದುದು. ಅವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದು, 1606ರ ಸುಮಾರಿಗೆ ತನ್ನ ಪಾರಸಿ ಇತಿಹಾಸವನ್ನು ಮೊದಲು ಸಿದ್ಧಪಡಿಸಿದನು. ಗವಾನನು ಸತ್ತದ್ದು 1481ರಲ್ಲಿ. ಅಂದರೆ ನಡುವೆ ಸುಮಾರು 125 ವರ್ಷಗಳ ಅಂತರ. 1829ರಲ್ಲಿ ಜಾನ್ ಬ್ರಿಗ್ಸ್ ಆ ಗ್ರಂಥವನ್ನು ಇಂಗ್ಲಿಷಿಗೆ ತಂದನು. ಅಲ್ಲಿಂದ ಆ ಸಂಖ್ಯೆ ಇಂಗ್ಲಿಷ್ ಪುಸ್ತಕಗಳಿಗೆ, ಅವುಗಳಿಂದ ಪಠ್ಯಪುಸ್ತಕಗಳಿಗೆ, ಕಡೆಗೆ ಮಾರ್ಗದರ್ಶಿಗಳ ಬಾಯಿಗೆ ಬಂದಿತು. ಆದ್ದರಿಂದ ಸಂಖ್ಯೆ ಸುಳ್ಳೆಂದು ಅರ್ಥವಲ್ಲ. ಫೆರಿಷ್ತಾನಿಗೆ ಹಳೆಯ ಬರಹಗಳು ದೊರೆತಿದ್ದವು. ಆದರೆ ‘ಮೂರು ಸಾವಿರ ಗ್ರಂಥಗಳಿದ್ದವು’ ಎನ್ನುವುದಕ್ಕೂ ‘ಮೂರು ಸಾವಿರ ಗ್ರಂಥಗಳಿದ್ದವೆಂದು, ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಫೆರಿಷ್ತಾ ಬರೆದಿದ್ದಾನೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ವಾಕ್ಯವನ್ನು ಬರೆಯಬಲ್ಲವನು ವಿದ್ಯಾರ್ಥಿ. ಮೊದಲನೆಯದನ್ನು ಪುನರುಚ್ಚರಿಸುವವನು ಕೇವಲ ಕೇಳುಗ.

ಗವಾನನನ್ನು ಬಲ್ಲ ಸಮಕಾಲೀನ ಆಕರಗಳೂ ಇವೆ. ಆತನ ಪತ್ರಗಳ ಸಂಗ್ರಹ ‘ರಿಯಾಜುಲ್ ಇನ್ಷಾ’ ಉಳಿದುಬಂದಿದೆ. 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ‘ಮಲಿಕ್ ತುಜ್ಜಾರ್’ ಎಂಬ ಬಿರುದಿನಿಂದ ಆತನನ್ನು ಹೆಸರಿಸುತ್ತಾನೆ. ಇಂತಹವನ್ನು ಪ್ರಾಥಮಿಕ ಆಕರಗಳೆನ್ನುತ್ತೇವೆ. ಜಿ. ಯಜ್ದಾನಿಯವರು 1947ರಲ್ಲಿ ಬೀದರಿನ ಸ್ಮಾರಕಗಳನ್ನು ಕುರಿತು ಪ್ರಕಟಿಸಿದ ಬೃಹತ್ ಗ್ರಂಥವು ಇವೆಲ್ಲವನ್ನೂ ತೂಗಿನೋಡಿ ಬರೆದ ದ್ವಿತೀಯಕ ಆಕರ.

ಈ ವೃತ್ತಾಂತದ ಅತ್ಯಂತ ದಾರುಣವಾದ ಭಾಗ ಇನ್ನೂ ಉಳಿದಿದೆ. ಗವಾನನ ಮರಣಕ್ಕೆ ಕಾರಣವಾದದ್ದೂ ಒಂದು ಕಾಗದವೇ. ಇತಿಹಾಸಕಾರರು ಹೇಳುವಂತೆ, ಆತನ ವಿರೋಧಿಗಳು ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ವಶಮಾಡಿಕೊಂಡು, ಖಾಲಿ ಹಾಳೆಯ ಮೇಲೆ ಮುದ್ರೆಯೊತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಆಹ್ವಾನಿಸುವ ದ್ರೋಹದ ಪತ್ರವನ್ನು ಆಮೇಲೆ ಅದರಲ್ಲಿ ಬರೆದರು. ಸುಲ್ತಾನ್ ಮೂರನೆಯ ಮುಹಮ್ಮದ್ ಶಾಹನಿಗೆ ಮುದ್ರೆ ಕಂಡಿತು. ಬರೆದವರು ಯಾರು, ಈ ಕಾಗದ ಯಾರ ಕೈಯಿಂದ ಬಂದಿತು ಎಂದು ವಿಚಾರಿಸುವ ತಾಳ್ಮೆ ಕಾಣಲಿಲ್ಲ. ಎಪ್ಪತ್ತು ದಾಟಿದ ಪ್ರಧಾನಿಯ ಶಿರಚ್ಛೇದವಾಯಿತು. ಕೆಲವೇ ವರ್ಷಗಳಲ್ಲಿ ಬಹಮನಿ ರಾಜ್ಯವು ಒಡೆಯತೊಡಗಿತು. ಪುಸ್ತಕಗಳಿಗಾಗಿ ಮಂದಿರ ಕಟ್ಟಿಸಿದವನು, ಮೂಲವನ್ನು ವಿಚಾರಿಸದೆ ನಂಬಲಾದ ಒಂದು ಹಾಳೆಗೆ ಬಲಿಯಾದನು. ‘ಆಕರ ಬರೆಯಲೇಬೇಕಾ?’ ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆ ಕೊಟ್ಟಿರುವ ಉತ್ತರ ಇದು.

ಇನ್ನು ಎರಡನೆಯ ವೃತ್ತಾಂತ. ‘ಬಾಲ್ಯದ ಪರಿಸರ’ ಎಂಬ ಶೀರ್ಷಿಕೆ ಬಂದೊಡನೆ ಶೈಕ್ಷಣಿಕ ಮನೋವಿಜ್ಞಾನದ ಎಷ್ಟೋ ಗೈಡುಗಳಲ್ಲಿ ಅಮಲಾ ಮತ್ತು ಕಮಲಾ ಎಂಬ ‘ತೋಳದ ಮಕ್ಕಳ’ ಕಥೆ ಬರುತ್ತದೆ. ಬಂಗಾಳದ ಮಿಡ್ನಾಪುರದಲ್ಲಿ ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೆ. ಎ. ಎಲ್. ಸಿಂಗ್ ಅವರು 1920ರಲ್ಲಿ ತೋಳದ ಗವಿಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಹೊರತಂದರು. ಅವರು ನಾಲ್ಕು ಕಾಲಿನಲ್ಲಿ ನಡೆಯುತ್ತಿದ್ದರು, ಹಸಿಮಾಂಸ ತಿನ್ನುತ್ತಿದ್ದರು, ರಾತ್ರಿ ಊಳಿಡುತ್ತಿದ್ದರು. ಕಿರಿಯಳಾದ ಅಮಲಾ 1921ರಲ್ಲಿಯೂ ಹಿರಿಯಳಾದ ಕಮಲಾ 1929ರಲ್ಲಿಯೂ ತೀರಿಕೊಂಡರು. ಇದು ಕಥೆ. ಇದರ ಕೆಳಗೆ ಗೈಡಿನಲ್ಲಿ ಒಂದು ನೀತಿಯೂ ಇರುತ್ತದೆ: ಎಳವೆಯಲ್ಲಿ ಮನುಷ್ಯ ಪರಿಸರ ತಪ್ಪಿದ ಮಗು ಮುಂದೆಂದೂ ಸರಿಯಾಗಿ ಕಲಿಯಲಾರದು.

ಈ ಕಥೆಯ ದಾರಿಯನ್ನು ಹಿಂದಕ್ಕೆ ನಡೆದು ನೋಡೋಣ. ಗೈಡಿನ ಹಿಂದೆ ಪಠ್ಯಪುಸ್ತಕವಿದೆ. ಅದರ ಹಿಂದೆ ಅಮೆರಿಕದ ಖ್ಯಾತ ಮಕ್ಕಳ ತಜ್ಞ ಆರ್ನಲ್ಡ್ ಗೆಸೆಲ್ 1941ರಲ್ಲಿ ಬರೆದ ಪುಸ್ತಕವಿದೆ. ಗೆಸೆಲ್ ಆ ಮಕ್ಕಳನ್ನು ಕಣ್ಣಿನಿಂದ ಕಂಡವರಲ್ಲ. ಅವರ ಹಿಂದೆ ಸಿಂಗ್ ಅವರ ದಿನಚರಿಯಿದೆ. ಅದು ರಾಬರ್ಟ್ ಜಿಂಗ್ ಎಂಬ ವಿದ್ವಾಂಸರ ಬರಹದೊಂದಿಗೆ 1942ರಲ್ಲಿ ಅಚ್ಚಾಯಿತು. ಎಲ್ಲ ದಾರಿಗಳೂ ಒಬ್ಬನೇ ವ್ಯಕ್ತಿಯ ಮಾತಿನಲ್ಲಿ ಕೊನೆಗೊಳ್ಳುತ್ತವೆ. ಆ ಒಬ್ಬ ವ್ಯಕ್ತಿಯ ಮಾತಾದರೂ ಒಂದೇ ತೆರನಾಗಿತ್ತೇ? ಮಕ್ಕಳನ್ನು ಬೇರೊಬ್ಬರು ತಮಗೆ ಒಪ್ಪಿಸಿದರೆಂದು ಒಂದು ಕಡೆ, ತಾವೇ ಗವಿಯಿಂದ ಹಿಡಿದು ತಂದೆವೆಂದು ಇನ್ನೊಂದು ಕಡೆ ಅವರು ಹೇಳಿದ್ದುಂಟು.

ಸಮಾಜವಿಜ್ಞಾನಿ ವಿಲಿಯಂ ಆಗ್‌ಬರ್ನ್ ಮತ್ತು ನಮ್ಮ ದೇಶದ ಮಾನವಶಾಸ್ತ್ರಜ್ಞ ನಿರ್ಮಲ್ ಕುಮಾರ್ ಬೋಸ್ ಅವರು ಈ ಕಥೆಯ ಜಾಡು ಹಿಡಿದು ಹೊರಟು, 1959ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅನಾಥಾಲಯದಲ್ಲಿ ಅಂತಹ ಮಕ್ಕಳಿದ್ದುದು ನಿಜ. ಆದರೆ ಅವರು ತೋಳಗಳೊಡನೆ ಬೆಳೆದರೆಂಬುದಕ್ಕೆ ನಂಬತಕ್ಕ ಸ್ವತಂತ್ರ ಸಾಕ್ಷ್ಯ ಸಿಗಲಿಲ್ಲ. ಅದೇ ವರ್ಷ ಬ್ರೂನೋ ಬೆಟಲ್‌ಹೈಮ್ ಎಂಬುವರು, ಇಂತಹ ಮಕ್ಕಳು ಆಟಿಸಂ ಉಳ್ಳವರಾಗಿರಬಹುದೆಂದು ವಾದಿಸಿದರು. 2007ರಲ್ಲಿ ಫ್ರಾನ್ಸಿನ ಸರ್ಜ್ ಅರೋಲ್ ಅವರು, ದಿನಚರಿಯು ಮಕ್ಕಳು ಸತ್ತ ಎಷ್ಟೋ ವರ್ಷಗಳ ನಂತರ ಬರೆದುದೆಂದೂ, ಕಮಲಾಳಿಗೆ ಇದ್ದುದು ನರಬೆಳವಣಿಗೆಯ ಕಾಯಿಲೆಯೆಂದೂ ಬರೆದರು. ಎಲ್ಲರೂ ಇವರೊಡನೆ ಒಪ್ಪಿದ್ದಾರೆಂದಲ್ಲ. 1977ರಲ್ಲಿ ಚಾರ್ಲ್ಸ್ ಮ್ಯಾಕ್ಲೀನ್ ಬರೆದ ಪುಸ್ತಕವು ಸಿಂಗ್ ಅವರ ಕಡೆಗೇ ವಾಲುತ್ತದೆ. ಆದರೆ ಇಷ್ಟೊಂದು ವಿವಾದವಿರುವ ಸಂಗತಿಯನ್ನು ಗೈಡು ಎರಡು ಸಾಲಿನ ಸತ್ಯವನ್ನಾಗಿ ಮಾಡಿ ಕೊಟ್ಟಿರುತ್ತದೆ. ಆಕರವನ್ನು ಕಿತ್ತುಹಾಕಿದೊಡನೆ ವಿವಾದವೂ ಕಣ್ಮರೆಯಾಗುತ್ತದೆ.

ಇದರಿಂದ ಯಾರಿಗೆ ನಷ್ಟ? ನಮ್ಮ ತರಗತಿಯ ಕೊನೆಯ ಸಾಲಿನ ಮಗುವಿಗೆ. ನಮ್ಮ ಕಮಲನಗರ, ಔರಾದ, ಭಾಲ್ಕಿ ಸೀಮೆಯಲ್ಲಿ ತಂದೆತಾಯಿ ಹೈದರಾಬಾದಿಗೋ ಪುಣೆಗೋ ಕೂಲಿಗೆ ಹೋದುದರಿಂದ ತಡವಾಗಿ ಶಾಲೆ ಸೇರಿದ ಮಕ್ಕಳು ಎಷ್ಟಿಲ್ಲ? ಮನೆಯಲ್ಲಿ ಮರಾಠಿ, ಲಂಬಾಣಿ ಅಥವಾ ಉರ್ದು ಮಾತನಾಡಿ, ಶಾಲೆಯಲ್ಲಿ ಮೊದಲ ಬಾರಿಗೆ ಕನ್ನಡದ ಅಕ್ಷರ ಕಂಡ ಮಕ್ಕಳು ಎಷ್ಟಿಲ್ಲ? ‘ಎಳವೆ ತಪ್ಪಿದ ಮಗು ಕಲಿಯದು’ ಎಂಬ ಬೇರಿಲ್ಲದ ವಾಕ್ಯವನ್ನು ಬಾಯಿಪಾಠ ಮಾಡಿದ ಶಿಕ್ಷಕನು ಅಂತಹ ಮಗುವಿನ ಮುಂದೆ ನಿಂತಾಗ, ಆ ವಾಕ್ಯವೇ ತೀರ್ಪಾಗಿಬಿಡುತ್ತದೆ. ಮಗು ಪ್ರಯತ್ನಿಸುವ ಮೊದಲೇ ಶಿಕ್ಷಕ ಕೈಚೆಲ್ಲುತ್ತಾನೆ. ಸಾಕ್ಷ್ಯವಿಲ್ಲದ ಪತ್ರದಿಂದ ಗವಾನನಿಗಾದದ್ದು ಈ ಮಗುವಿಗೂ ಆಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 1800ರಲ್ಲಿ ಫ್ರಾನ್ಸಿನ ಕಾಡಂಚಿನಲ್ಲಿ ಸಿಕ್ಕ ವಿಕ್ಟರ್ ಎಂಬ ಬಾಲಕನಿಗೆ ಇಟಾರ್ಡ್ ಎಂಬ ವೈದ್ಯರು ವರ್ಷಗಟ್ಟಲೆ ಪಾಠ ಹೇಳಿದರು. ಏನು ಮಾಡಿದೆ, ಎಲ್ಲಿ ಸೋತೆ, ಎಲ್ಲಿ ಗೆದ್ದೆ ಎಂಬುದನ್ನೆಲ್ಲ ವರದಿಯಾಗಿ ಬರೆದಿಟ್ಟರು. ವಿಕ್ಟರನು ಮಾತು ಕಲಿಯಲಿಲ್ಲವೆಂದೇ ಹೇಳಬೇಕು. ಆದರೂ ಆ ವರದಿಗಳನ್ನು ಸೆಗ್ವಾಂ ಮುಂದುವರಿಸಿದರು. ಅವರಿಬ್ಬರ ಬರಹಗಳನ್ನು ಮರಿಯಾ ಮಾಂಟೆಸರಿ ಕೈಯಾರೆ ನಕಲು ಮಾಡಿಕೊಂಡು ಅಭ್ಯಾಸ ಮಾಡಿದರು. ಇಂದು ಜಗತ್ತಿನಾದ್ಯಂತ ಮಕ್ಕಳು ಮುಟ್ಟಿ ಹಿಡಿದು ಆಡುವ ಮಾಂಟೆಸರಿ ಉಪಕರಣಗಳಿಗೆ ಪ್ರೇರಣೆ ಅಲ್ಲಿಂದ ಬಂದಿತು. ಆಕೆ ತಮ್ಮ ಪುಸ್ತಕದಲ್ಲಿ ಆ ಋಣವನ್ನು ಹೆಸರು ಹೇಳಿ ಸ್ಮರಿಸಿದ್ದಾರೆ. ಆದ್ದರಿಂದಲೇ ನಾವು ಆ ದಾರಿಯಲ್ಲಿ ಹಿಂದಕ್ಕೆ ಹೋಗಿ ಇಟಾರ್ಡರ ಮಾತನ್ನು ಓದಬಲ್ಲೆವು.

ಇನ್ನು ಪುಸ್ತಕ ಹುಡುಕುವ ಪ್ರಶ್ನೆ. ಇದಕ್ಕೂ ನಮ್ಮ ಭಾಗದ ಇತಿಹಾಸ ಸ್ವಲ್ಪ ತಿಳಿದಿರಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಓದಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಕಟ್ಟಿ ಬೆಳೆಸಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಆದರೆ ನಮ್ಮ ಬೀದರ ಜಿಲ್ಲೆ ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆ ಉರ್ದುವಿನಲ್ಲಿತ್ತು. ತತ್ತ್ವಶಾಸ್ತ್ರ, ಮನೋವಿಜ್ಞಾನಗಳ ಗ್ರಂಥಗಳನ್ನೂ ಅಲ್ಲಿನ ಅನುವಾದ ಸಂಸ್ಥೆ ಉರ್ದುವಿಗೆ ತರಿಸಿತು. ನಮ್ಮ ಅಜ್ಜಂದಿರ ಕಾಲದ ಕಲಿತವರಿಗೆ ಈ ಶಾಸ್ತ್ರದ ಹೆಸರು ‘ನಫ್ಸಿಯಾತ್’ ಎಂದಿತ್ತು.

ಇದರಿಂದ ದೊರೆಯುವ ಉಪಯುಕ್ತ ಪಾಠವೊಂದುಂಟು. ಗ್ರಂಥಾಲಯದ ಸೂಚಿಯಲ್ಲಿ ಒಂದೇ ಹೆಸರಿನಿಂದ ಹುಡುಕಿ ನಿರಾಶರಾಗಬೇಡಿ. ಕನ್ನಡದಲ್ಲಿಯೇ ಮನೋವಿಜ್ಞಾನ, ಮನಶ್ಶಾಸ್ತ್ರ, ಮನಃಶಾಸ್ತ್ರ ಎಂಬ ಮೂರು ರೂಪಗಳಿವೆ. ಮರಾಠಿಯಲ್ಲಿ ಮಾನಸಶಾಸ್ತ್ರ. ಗಡಿಯ ಊರಿನ ಮಕ್ಕಳಿಗೆ ಎರಡು ಮೂರು ಭಾಷೆ ಓದಲು ಬರುವುದು ದೊಡ್ಡ ಭಾಗ್ಯ. ಒಂದು ಭಾಷೆಯಲ್ಲಿ ಸಿಗದುದು ಇನ್ನೊಂದರಲ್ಲಿ ಸಿಕ್ಕೀತು. ಡ್ಯೂಯಿ ದಶಮಾಂಶ ಪದ್ಧತಿಯಂತೆ ಜೋಡಿಸಿದ ಕಾಲೇಜು ಗ್ರಂಥಾಲಯಗಳಲ್ಲಿ 150ನೆಯ ಸಂಖ್ಯೆಯ ಕಪಾಟಿನಲ್ಲಿ ಮನೋವಿಜ್ಞಾನವೂ 370.15ರಲ್ಲಿ ಶೈಕ್ಷಣಿಕ ಮನೋವಿಜ್ಞಾನವೂ ಇರುತ್ತವೆ. ಎಸ್. ಆರ್. ರಂಗನಾಥನ್ ಅವರ ಕೋಲನ್ ಪದ್ಧತಿಯಿದ್ದಲ್ಲಿ ‘ಎಸ್’ ಅಕ್ಷರ ಮನೋವಿಜ್ಞಾನಕ್ಕೆ, ‘ಟಿ’ ಅಕ್ಷರ ಶಿಕ್ಷಣಕ್ಕೆ. ಕಪಾಟಿನ ಮುಂದೆ ನಿಂತಾಗ ಬೇಕಾದ ಪುಸ್ತಕದ ಎಡಬಲಗಳಲ್ಲಿರುವುವನ್ನೂ ತೆಗೆದು ನೋಡುವುದು ಒಳ್ಳೆಯ ಅಭ್ಯಾಸ.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಆಸ್ತಿ ತೆರಿಗೆಯೊಡನೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದ್ದರಿಂದ ಅಲ್ಲಿ ಹೋಗಿ ಪುಸ್ತಕ ಕೇಳುವುದು ನಮ್ಮ ಹಕ್ಕು, ಸಂಕೋಚ ಬೇಡ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ‘ಅರಿವು ಕೇಂದ್ರ’ಗಳೆಂದು ಹೆಸರಾಗಿವೆ. ಅಲ್ಲಿ ಸಿಗದಿದ್ದರೆ ರೈಲಿನಲ್ಲಿ ಭಾಲ್ಕಿಯನ್ನು ದಾಟಿ ಬೀದರಿಗೆ ಹೋಗಿ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಒಂದು ದಿನ ಕುಳಿತುಕೊಳ್ಳಿ. ಕನ್ನಡದಲ್ಲಿ ಓದಲು ಡಾ. ಎಂ. ಶಿವರಾಂ ಅವರ ‘ಮನಮಂಥನ’ವಿದೆ, ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿಯವರೇ ಇವರು. ಆ ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ.

ಉಲ್ಲೇಖಿಸುವ ಕ್ರಮ ಸರಳವಾದುದು. ಪುಸ್ತಕ ಕೈಯಲ್ಲಿರುವಾಗಲೇ, ಮುಖಪುಟದಿಂದಲ್ಲ, ಒಳಗಿನ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯಿಂದ ಲೇಖಕರ ಹೆಸರು, ಪ್ರಕಟಣೆಯ ವರ್ಷ, ಪುಸ್ತಕದ ಹೆಸರು, ಎಷ್ಟನೆಯ ಮುದ್ರಣ, ಪ್ರಕಾಶಕರು, ಊರು ಇವಿಷ್ಟನ್ನು ಬರೆದುಕೊಳ್ಳಿ. ಪ್ರತಿಯೊಂದು ಟಿಪ್ಪಣಿಯ ಪಕ್ಕದಲ್ಲಿ ಪುಟದ ಸಂಖ್ಯೆ ಇರಲಿ. ಲೇಖಕರ ಮಾತನ್ನೇ ತೆಗೆದುಕೊಂಡರೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಮಾತಿನಲ್ಲಿ ಹೇಳಿದರೂ ಋಣವನ್ನು ಬರೆಯಿರಿ. ನೀವು ಓದಿದುದು ಗೈಡನ್ನಾದರೆ ಗೈಡಿನ ಹೆಸರನ್ನೇ ಬರೆಯಿರಿ. ಗೆಸೆಲ್ ಪುಸ್ತಕವನ್ನು ಕಾಣದೆ, ಗೈಡಿನಲ್ಲಿ ಹೆಸರು ಕಂಡು, ಗೆಸೆಲ್ ಓದಿದೆನೆಂದು ಬರೆಯುವುದು ನಮ್ಮ ಖಾತೆಯ ಸಾಲವನ್ನು ಬೇರೊಬ್ಬರ ಹೆಸರಿಗೆ ಬರೆದಂತೆ. ‘ಇಂಥ ಪುಸ್ತಕದಲ್ಲಿ ಉಲ್ಲೇಖಿತವಾದಂತೆ’ ಎಂಬ ಮಾತು ಸೇರಿಸಿದರೆ ಸಾಕು, ಮರ್ಯಾದೆ ಉಳಿಯುತ್ತದೆ.

ವರ್ಷವನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಕುಟುಂಬದ ಸ್ಥಿತಿಗತಿಯನ್ನು ಅಳೆಯಲು ಬಿ. ಕುಪ್ಪುಸ್ವಾಮಿಯವರು 1976ರಲ್ಲಿ ಕೊಟ್ಟ ಮಾಪನವು ಇಂದಿಗೂ ಬಳಕೆಯಲ್ಲಿದೆ. ಮನೆಯ ಯಜಮಾನನ ಶಿಕ್ಷಣ, ಉದ್ಯೋಗ, ಕುಟುಂಬದ ಆದಾಯ ಎಂಬ ಮೂರಕ್ಕೆ ಅದರಲ್ಲಿ ಅಂಕಗಳಿವೆ. ಆದರೆ 1976ರ ರೂಪಾಯಿಯ ಲೆಕ್ಕವನ್ನು ಇಂದಿನ ಮನೆಗೆ ಹಚ್ಚಿದರೆ ಕೂಲಿಯವನೂ ಶ್ರೀಮಂತನಾಗಿ ಕಾಣುವನು. ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಿಸಿದ ಆದಾಯದ ಪಟ್ಟಿಯನ್ನು ಹುಡುಕಿ, ಅದು ಯಾವ ವರ್ಷದ್ದೆಂದು ನಮೂದಿಸಬೇಕು. ಹಾಗೆಯೇ ಮರೆವಿನ ವಕ್ರರೇಖೆಯನ್ನು ಬರೆಯುವವರು, ಎಬ್ಬಿಂಗ್‌ಹೌಸ್ 1885ರಲ್ಲಿ ಅದನ್ನು ಪ್ರಕಟಿಸಿದಾಗ ಪ್ರಯೋಗಕ್ಕೆ ಒಳಗಾದವನು ಆತನೊಬ್ಬನೇ, ಕಂಠಪಾಠ ಮಾಡಿದುದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಎಂಬುದನ್ನು ತಿಳಿದಿರಬೇಕು. ಮೂಲಕ್ಕೆ ಹೋದವನಿಗೆ ಮಾತ್ರ ಈ ಮಿತಿ ಕಾಣುತ್ತದೆ.

ಅಂತರ್ಜಾಲದಿಂದ ತೆಗೆದುಕೊಂಡರೆ ಪುಟದ ಹೆಸರು, ವಿಳಾಸ, ನೋಡಿದ ದಿನಾಂಕ ಇರಲಿ. ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾಕಷ್ಟು ಸಿಗುತ್ತವೆ. ಈಚೆಗೆ ಮಕ್ಕಳು ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಕೇಳಿ ಗ್ರಂಥಋಣವನ್ನೂ ಬರೆಸಿಕೊಳ್ಳುತ್ತಿದ್ದಾರೆ. ಇರುವ ಲೇಖಕರ ಹೆಸರಿಗೆ ಇಲ್ಲದ ಪುಸ್ತಕವನ್ನು ಜೋಡಿಸಿ, ವರ್ಷ, ಪುಟಗಳನ್ನೂ ಕೊಟ್ಟುಬಿಡುವ ಅಭ್ಯಾಸ ಆ ಯಂತ್ರಗಳಿಗುಂಟು. ಮುದ್ರೆ ನಿಜ, ಪತ್ರ ಸುಳ್ಳು! ಗವಾನನನ್ನು ನೆನೆದು, ಕಪಾಟಿನಲ್ಲಿ ಪುಸ್ತಕವನ್ನು ಕಣ್ಣಾರೆ ಕಂಡ ಮೇಲೆಯೇ ಬರೆಯಿರಿ.

ಮನೋವಿಜ್ಞಾನದ ಪ್ರಾಜೆಕ್ಟಿನಲ್ಲಿ ಇನ್ನೊಂದು ವಿಶೇಷವುಂಟು. ಪುಸ್ತಕ ಬರೆದವರ ಹೆಸರನ್ನು ಎಷ್ಟು ಸ್ಪಷ್ಟವಾಗಿ ಹೇಳಬೇಕೋ, ನೀವು ಪ್ರಶ್ನಿಸಿದ ಮಕ್ಕಳ ಹೆಸರನ್ನು ಅಷ್ಟೇ ಜಾಗ್ರತೆಯಿಂದ ಮರೆಮಾಡಬೇಕು. ‘ಮಗು ಅ’, ‘ಮಗು ಆ’ ಎಂದು ಬರೆದರೆ ಸಾಕು. ಅಮಲಾ ಕಮಲಾರಿಗೆ ಈ ರಕ್ಷಣೆಯನ್ನು ಯಾರೂ ಕೊಡಲಿಲ್ಲ. ಕಾಯಿಲೆಯಿದ್ದಿರಬಹುದಾದ ಇಬ್ಬರು ಅನಾಥ ಮಕ್ಕಳು ಒಂದು ಶತಮಾನದಿಂದ ‘ತೋಳ’ ಎನಿಸಿಕೊಳ್ಳುತ್ತಲೇ ಇದ್ದಾರೆ.

ಕೊನೆಯದಾಗಿ, ಬಾಯಿಮಾತಿನ ಆಕರಗಳ ವಿಷಯ. ನಮ್ಮ ಊರಿನಲ್ಲಿಯೇ ಜನಿಸಿ, ಭಾಲ್ಕಿ ಹಿರೇಮಠದ ಪೀಠವನ್ನಲಂಕರಿಸಿ, 1999ರಲ್ಲಿ ಲಿಂಗೈಕ್ಯರಾದ ಶತಾಯುಷಿ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬ ಮಾತನ್ನು ನಾವೆಲ್ಲರೂ ಕೇಳುತ್ತ ಬೆಳೆದವರು. ಆ ತರಗತಿಯ ನೆಲದ ಮೇಲೆ ಕುಳಿತು ಅಕ್ಷರ ತಿದ್ದಿದವರು ಇಂದು ಉಳಿದಿದ್ದರೆ ಎಂಬತ್ತೈದು ದಾಟಿರಬೇಕು. 1948ರ ಪೊಲೀಸ್ ಕಾರ್ಯಾಚರಣೆಗೆ ಮೊದಲಿನ ಮಾತಿದು. ನಿಮ್ಮ ಮನೆಗಳಲ್ಲಿ ಅಂತಹ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ. ಫಲಕದ ಮೇಲೆ ಏನೆಂದು ಬರೆದಿತ್ತು, ಯಾವ ಪುಸ್ತಕದಿಂದ ಪಾಠವಾಗುತ್ತಿತ್ತು, ಎಷ್ಟು ಮಕ್ಕಳಿದ್ದರು ಎಂದು ವಿಚಾರಿಸಿ. ಹೇಳಿದವರ ಹೆಸರು, ವಯಸ್ಸು, ಊರು, ಕೇಳಿದ ತಾರೀಖುಗಳನ್ನು ಅವರ ಒಪ್ಪಿಗೆ ಪಡೆದು, ನೋಟುಪುಸ್ತಕದಲ್ಲಿ ಬರೆದಿಡಿ. ಫೆರಿಷ್ತಾನಂತೆ 125 ವರ್ಷ ಕಾಯುವ ಅನುಕೂಲ ನಮಗಿಲ್ಲ. ಈ ಬೇಸಿಗೆ ರಜೆಯಲ್ಲಿಯೇ ಆ ಕೆಲಸವಾಗಲಿ.